ಟಕಟಕ ಅಕ್ಕ ಲ್ಯಾಪ್‌ಟಾಪ್ ಕೊಂಡಿದ್ದು

ಟಕಟಕ ಅಕ್ಕನ ಹಳೇ ಲ್ಯಾಪ್‌ಟಾಪಿಗೆ ಮನೆಯವರೆಲ್ಲ ಸೇರಿ ಎಮ್ಮೆ ಅಂತ ಹೆಸರಿಟ್ಟಿದ್ದರು. ಕಪ್ಪು ಬಣ್ಣ, ದಪ್ಪ ಮೈ, ಎಬ್ಬಿಸಿದರೆ ಬೇಗ ಏಳುವುದಿಲ್ಲ, ಎದ್ದ ಮೇಲೆ ಬುಸ್ಸೆಂದು ಬಿಸಿಯುಸಿರು ಬಿಡುತ್ತ ಕೂತಿರುತ್ತದೆ. ಇನ್ನೇನು ಹೆಸರಿಡಬೇಕು ಹೇಳಿ! ಅದರ ಚಾರ್ಜರಂತೂ ಗೋಡೆಗಿಡುವ ಇಟ್ಟಿಗೆಯಷ್ಟಿತ್ತು. ಎಮ್ಮೆಯನ್ನೂ ಇಟ್ಟಿಗೆಯನ್ನೂ ಒಂದೇ ಚೀಲಕ್ಕೆ ತುಂಬಿ, ಹೆಗಲಿಗೇರಿಸಿ, ಅಕ್ಕ ವರ್ಷಗಟ್ಟಲೆ ಬಸ್ಸು ಹತ್ತಿದಳು, ರೈಲು ಇಳಿದಳು, ಲಿಫ್ಟ್ ಕೆಟ್ಟ ಕಟ್ಟಡಗಳ ಮೆಟ್ಟಿಲು ಏರಿದಳು. ಕೊನೆಗೆ ಬಲಹೆಗಲು ಕೈಕೊಟ್ಟಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನಮ್ಮ, ಮೂಟೆ ಹೊರ್ತೀರಾ?" ಅಂತ ಕೇಳಿದರು.

"ಇಲ್ಲ ಡಾಕ್ಟ್ರೇ, ಟೈಪಿಂಗು," ಅಂದಳು ಅಕ್ಕ. ಡಾಕ್ಟರು ನಂಬಲಿಲ್ಲ.

ನಂಬದೇ ಇರುವುದು ಅವರ ತಪ್ಪೂ ಅಲ್ಲ ಬಿಡಿ. ಅಕ್ಕನ ಕೆಲಸ ಏನಂತ ಒಂದೇ ಮಾತಿನಲ್ಲಿ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಕಿವಿ ಕೇಳದವರ ಪಕ್ಕದಲ್ಲಿ ಕೂರುವುದು. ಸುತ್ತ ಯಾರು ಏನಂದರೂ ಅಂದ ಹಾಗೇ ಟೈಪ್ ಮಾಡಿ ತೆರೆಯ ಮೇಲೆ ದಪ್ಪ ಅಕ್ಷರದಲ್ಲಿ ತೋರಿಸುವುದು. ಪಕ್ಕದವರು ಅದನ್ನು ಓದಿಕೊಂಡು ತಮ್ಮ ಮಾತು ತಾವು ಆಡುತ್ತಾರೆ. ಆಸ್ಪತ್ರೆ, ಕೋರ್ಟು, ಕಾಲೇಜು, ಸಂಬಂಧ ಮಾತಾಡುವ ಮನೆ, ಸಂಬಂಧ ಮುರಿಯುವ ವಕೀಲರ ಕೋಣೆ, ಎಲ್ಲಿ ಕರೆದರೆ ಅಲ್ಲಿಗೆ ಅಕ್ಕ ಹಾಜರು. ಮೊದಲು ಅವಳು ಕೋರ್ಟಿನಲ್ಲಿ ಬರೀ ಟೈಪಿಸ್ಟು. ಒಂದು ದಿನ ಕಟಕಟೆಯಲ್ಲಿ ನಿಂತ ಹೆಂಗಸೊಬ್ಬಳು ಕೇಳಿದ್ದಕ್ಕೆಲ್ಲ ನಗುತ್ತ ಹೂಂ ಹೂಂ ಅಂತ ತಲೆಯಾಡಿಸುತ್ತಿದ್ದಳು. ತನಗೆ ಏನೂ ಕೇಳುತ್ತಿಲ್ಲ ಅಂತ ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಅಕ್ಕ ಕುರ್ಚಿ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂತು, ಯಂತ್ರವನ್ನು ಅವಳ ಕಡೆ ತಿರುಗಿಸಿ ಬಡಿಯತೊಡಗಿದಳು. ಜಡ್ಜು ಬೈದರೂ ನಿಲ್ಲಿಸಲಿಲ್ಲ. ಆ ಹೆಂಗಸು ಓದಿದಳು, ಓದಿ ಕಣ್ಣು ಕೆಂಪಗೆ ಮಾಡಿಕೊಂಡು, "ಇದೆಲ್ಲ ಶುದ್ಧ ಸುಳ್ಳು!" ಅಂತ ಕಿರುಚಿದಳು. ಅವತ್ತಿನಿಂದ ಅಕ್ಕನಿಗೆ ಬೇರೆ ಕೆಲಸ ರುಚಿಸಲಿಲ್ಲ.

ಅವಳಿಗೆ ಒಂದೇ ಒಂದು ಹಟ. ಕಿವಿ ಇರುವವರಿಗೆ ಏನೆಲ್ಲ ಕೇಳುತ್ತದೋ ಅದೆಲ್ಲ ಕಿವಿ ಇಲ್ಲದವರಿಗೂ ಸಿಗಬೇಕು. ಯಾರಾದರೂ ಕೆಮ್ಮಿದರೆ "ಕೆಮ್ಮಿದರು" ಅಂತ ಬರೆಯುತ್ತಾಳೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕಂದರೆ ಅದನ್ನೂ ಬರೆಯುತ್ತಾಳೆ. "ಇದು ಬೇಡ, ಅದು ಬೇಡ ಅಂತ ಆರಿಸೋಕೆ ನಾನ್ಯಾರು?" ಅನ್ನುತ್ತಾಳೆ. ಇಷ್ಟು ವರ್ಷದಲ್ಲಿ ಅಭ್ಯಾಸ ಎಷ್ಟು ಬೆಳೆದಿತ್ತೆಂದರೆ ಕಿವಿಗೂ ಬೆರಳಿಗೂ ನಡುವೆ ತಲೆ ಅನ್ನುವುದೊಂದು ಇದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದಾಗ ಬೆಸುಗೆ ತಂಗಿಯ ಮೆಸೇಜು ಬಂತು.

ಬೆಸುಗೆ ತಂಗಿ ಅಂದರೆ ದೂರದ ಪಟ್ಟಣದ ಬಾಯ್ಲರ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವ ಹುಡುಗಿ. ಸಣ್ಣವಳಿದ್ದಾಗ ಜ್ವರ ಬಂದು ಕಿವಿ ಹೋಯಿತು, ಮಾತು ಉಳಿಯಿತು. ದನಿ ಸ್ವಲ್ಪ ಒರಟು, ಅಷ್ಟೆ. ಅಕ್ಕ ಒಂದು ಸಲ ಅವಳಿಗಾಗಿ ಆಸ್ಪತ್ರೆಯಲ್ಲಿ ಬರೆದಿದ್ದಳು. ಅವತ್ತಿನಿಂದ ಇವಳು ಅಕ್ಕ, ಅವಳು ತಂಗಿ. ಕೈಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಶೆಡ್ಡಿನಲ್ಲಿಲ್ಲ. ಮೇಸ್ತ್ರಿಯಾಗಬೇಕು, ತನ್ನದೇ ಒಂದು ಗುಂಪನ್ನು ನಡೆಸಬೇಕು ಅಂತ ಅವಳ ಆಸೆ. ಅದಕ್ಕೆ ಪರೀಕ್ಷೆ ಇದೆ. ಬರವಣಿಗೆಯಲ್ಲಿ ಪಾಸು, ಕೈಕೆಲಸದಲ್ಲಿ ಎಲ್ಲರಿಗಿಂತ ಮುಂದೆ, ಬಾಯಿಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಡುಮ್ಕಿ. ಮೊದಲನೇ ಸಲ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ ಅಂತ ಧೈರ್ಯ ಮಾಡಿ ಹೋದಳು. ಹೋಗಿ ನೋಡಿದರೆ ಪರೀಕ್ಷಕರಿಗೆ ತುಟಿಯೇ ಕಾಣದಷ್ಟು ದಪ್ಪ ಮೀಸೆ! ಎರಡನೇ ಸಲ ಮಾತನ್ನು ಅಕ್ಷರ ಮಾಡುವ ಫೋನು ಹಿಡಿದುಕೊಂಡು ಹೋದಳು. ಗ್ರೈಂಡರುಗಳ ಗಲಾಟೆಯಲ್ಲಿ ಅದಕ್ಕೆ ಏನು ಕೇಳಿಸಿತೋ ದೇವರಿಗೇ ಗೊತ್ತು, ತಲೆಬುಡವಿಲ್ಲದ್ದೆಲ್ಲ ಬರೆಯಿತು.

"ಅಕ್ಕಾ, ಮುಂದಿನ ತಿಂಗಳು ಮತ್ತೆ ಪರೀಕ್ಷೆ," ಅಂತ ಬರೆದಿದ್ದಳು. "ಮೂರೇ ಅವಕಾಶ ಕೊಡೋದು. ಇದರಲ್ಲೂ ಹೋದ್ರೆ ಜನ್ಮದಲ್ಲಿ ನಾನು ಮೇಸ್ತ್ರಿ ಆಗಲ್ಲ. ಬರೆಯೋರನ್ನ ಕರ್ಕೊಂಡು ಬರೋಕೆ ಒಪ್ಪಿದಾರೆ. ನೀವು ಬರಲೇಬೇಕು. ಆದ್ರೆ ಒಂದು ವಿಷಯ. ಕೂತ್ಕೊಂಡು ಕೇಳಲ್ಲ. ಶೆಡ್ಡಿನ ಉದ್ದಕ್ಕೂ ನಡೀತಾ ಕೇಳ್ತಾರೆ. ಟೇಬಲ್ಲಿಲ್ಲ, ಪ್ಲಗ್ಗಿಲ್ಲ."

ಅಕ್ಕ ಪಟ್ಟಿ ಕಟ್ಟಿದ ಹೆಗಲನ್ನೂ ಮೂಲೆಯಲ್ಲಿ ಮಲಗಿದ್ದ ಎಮ್ಮೆಯನ್ನೂ ನೋಡಿದಳು. ಎಮ್ಮೆಯನ್ನು ಎತ್ತಿಕೊಂಡು ನಡೆಯುತ್ತ ಟೈಪ್ ಮಾಡುವುದು ಆಗದ ಮಾತು. ಆದರೂ "ಬರ್ತೀನಿ" ಅಂತ ಬರೆದು ಕಳಿಸಿಬಿಟ್ಟಳು. ಮೊದಲು ಒಪ್ಪಿಕೊಳ್ಳುವುದು, ಆಮೇಲೆ ತಲೆ ಚಚ್ಚಿಕೊಳ್ಳುವುದು ಅವಳ ಜಾಯಮಾನ.

ಮಾರನೇ ದಿನ ಲ್ಯಾಪ್‌ಟಾಪ್ ಅಂಗಡಿ. ಅಂಗಡಿಯವನು ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡ ಮಾತಿನ ಮಲ್ಲ. ಅವನ ಹೆಂಡತಿ ಕೌಂಟರಿನ ಆ ತುದಿಯಲ್ಲಿ ಕೂತು ಬಿಲ್ಲು ಬರೆಯುತ್ತಿದ್ದಳು.

"ಪ್ರಯಾಣಕ್ಕಾ? ದಿನಬಳಕೆಗಾ?" ಅಂತ ಕೇಳಿದ.

"ಎರಡಕ್ಕೂ. ನಡೀತಾ ನಡೀತಾ ಬಳಸೋಕೆ."

"ಹಾಗಿದ್ರೆ ಇದು ನೋಡಿ ಮೇಡಂ, ಹೂವು! ಕೈಯಲ್ಲಿ ಹಿಡಿದಿದೀರಾ ಅಂತಾನೇ ಗೊತ್ತಾಗಲ್ಲ. ಸಿನಿಮಾ ನೋಡಿ, ಬಣ್ಣ ನೋಡಿ, ಕನ್ನಡಿ ಹಾಗೆ ಹೊಳೆಯುತ್ತೆ."

ನಿಜವಾಗಿಯೂ ಹೂವೇ. ಅಕ್ಕನಿಗೆ ಜೀವ ಹಗುರಾಯಿತು. ಆದರೆ ಸುಮ್ಮನೆ ಕೊಳ್ಳುವವಳಲ್ಲ ಅವಳು. ಎಡ ಮುಂಗೈ ಮೇಲೆ ಇಟ್ಟುಕೊಂಡು ಅಂಗಡಿಯ ಒಳಗೆಲ್ಲ ತಿರುಗಿದಳು. ಕಣ್ಣು ಮುಚ್ಚಿ ಕೀಲಿಗಳನ್ನು ತಡವಿದಳು. ತಳಕ್ಕೆ ಕೆನ್ನೆ ಇಟ್ಟು ಬಿಸಿ ಎಷ್ಟು ನೋಡಿದಳು. ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಹೆದರಿ ಸರಿದು ನಿಂತ.

"ಈಗ ನೀವಿಬ್ಬರೂ ಸ್ವಲ್ಪ ಜಗಳ ಆಡಿ," ಅಂದಳು ಅಂಗಡಿಯವನಿಗೂ ಅವನ ಹೆಂಡತಿಗೂ.

"ಏನು?"

"ಜಗಳ ಆಡಿ. ಜನ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳೋದು ಜಗಳದಲ್ಲೇ. ನನ್ನ ಬೆರಳು ಈ ಕೀಲಿಗಳ ಮೇಲೆ ಅಷ್ಟು ಬೇಗ ಓಡುತ್ತಾ ನೋಡಬೇಕು."

ಅಂಗಡಿಯವನು ಹಲ್ಲು ಕಿರಿದು, "ಏನೇ, ನಿನ್ನೆ ಅಂಗಡಿ ಶಟರ್ ಯಾಕೆ ಎಳೀಲಿಲ್ಲ?" ಅಂತ ನಾಟಕಕ್ಕೆ ಶುರು ಮಾಡಿದ. ಅವಳು ತಲೆಯೆತ್ತದೆ, "ಶಟರ್ ಎಳೆಯೋರು ಸ್ನೇಹಿತರ ಜೊತೆ ಹೊರಟುಹೋಗಿದ್ರಲ್ಲ," ಅಂದಳು. "ಯಾವ ಸ್ನೇಹಿತರು?" "ಯಾವ ಸ್ನೇಹಿತರು ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ." ಆಮೇಲೆ ನಾಟಕ ಎಲ್ಲಿ ಮುಗಿಯಿತೋ, ನಿಜ ಎಲ್ಲಿ ಹಿಡಿಯಿತೋ ಗೊತ್ತಾಗಲಿಲ್ಲ. ನಾದಿನಿಯ ಮದುವೆಯ ಹಳೇ ಕಥೆ ಬಂತು, ಮಾವನ ಮನೆಯ ಫ್ರಿಜ್ಜು ಬಂತು. ಅಕ್ಕನ ಬೆರಳು ಟಕಟಕ ಓಡಿದ್ದೇ ಓಡಿದ್ದು. ಕೊನೆಗೆ ಇಬ್ಬರೂ ತೆರೆಯ ಮೇಲೆ ತಮ್ಮ ಜಗಳವನ್ನು ತಾವೇ ಓದಿಕೊಂಡರು. ಹೆಂಡತಿ ಮೊದಲು ನಕ್ಕಳು. ಅಂಗಡಿಯವನು ಬೆವರು ಒರೆಸಿಕೊಂಡು, "ಒಂದು ವಾರ ಇಟ್ಕೊಳ್ಳಿ ಮೇಡಂ, ಇಷ್ಟ ಆಗದಿದ್ರೆ ವಾಪಸ್ ತನ್ನಿ. ಆದ್ರೆ ಆ ಬರೆದಿದ್ದನ್ನ ಮಾತ್ರ ಅಳಿಸಿಬಿಡಿ," ಅಂದ.

ಮನೆಯಲ್ಲಿ ಅಕ್ಕನ ಗಂಡ ಚಿತ್ರಗಳಿಗೆ ಚೌಕಟ್ಟು ಕಟ್ಟುವವನು. ಒಂದು ಮಧ್ಯಾಹ್ನ ಕೂತು ತೆಳ್ಳನೆಯ ಹಲಗೆಗೆ ಅಂಚು ಕಟ್ಟಿ, ಎರಡು ಕಡೆ ಅಗಲ ಪಟ್ಟಿ ಹಾಕಿ, ಕೊರಳಿಗೆ ನೇತುಹಾಕಿಕೊಳ್ಳುವ ಒಂದು ತಟ್ಟೆ ಮಾಡಿಕೊಟ್ಟ. ಪಟ್ಟಿ ನೋಯುವ ಹೆಗಲನ್ನು ಮುಟ್ಟದೆ ಬೆನ್ನಿನ ಮೇಲೆ ಹಾದುಹೋಗುತ್ತಿತ್ತು. ಅಕ್ಕ ಅದನ್ನು ಹಾಕಿಕೊಂಡು ನಿಂತರೆ ರೈಲ್ವೆ ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುವವಳ ಹಾಗೆ ಕಾಣುತ್ತಿದ್ದಳು. ಗಂಡ ಹಾಗೆಯೇ ಅಂದೂಬಿಟ್ಟ, ಅಂದು ಬೈಸಿಕೊಂಡ.

ಇನ್ನು ಓದುವವರು ಬೇಕಲ್ಲ? ಮನೆಯಲ್ಲೇ ಇದ್ದರು. ಅಕ್ಕನ ಅತ್ತೆ. ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಮಾತು ಕೇಳಿದ ಹೆಂಗಸು. ಈಗ ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗುವುದಿಲ್ಲ. ಆದರೆ ಕಿವಿ ಕೇಳುವುದಿಲ್ಲ ಅಂತ ಮಾತ್ರ ಒಪ್ಪಲೊಲ್ಲರು. "ನೀವೆಲ್ಲ ಬಾಯೊಳಗೇ ಗೊಣಗ್ತೀರಿ, ಮಾತಾಡೋಕೆ ಬರಲ್ಲ ನಿಮಗೆ," ಅನ್ನುವುದೇ ಅವರ ವಾದ. ಎಮ್ಮೆ ಇದ್ದಷ್ಟು ದಿನ ಅಕ್ಕ ಮನೆಗೆ ಬಂದರೆ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಹೊತ್ತು ಹೊತ್ತು ಸಾಕಾಗಿರುತ್ತಿತ್ತು. ಊರಿನ ಕಿವುಡರಿಗೆಲ್ಲ ಬರೆದ ಸೊಸೆ ತನ್ನ ಮನೆಯ ಅತ್ತೆಗೆ ಒಂದಕ್ಷರ ಬರೆದಿರಲಿಲ್ಲ.

"ಅತ್ತೆ, ಹೊಸ ಲ್ಯಾಪ್‌ಟಾಪ್ ಪರೀಕ್ಷೆ ಮಾಡ್ತಿದೀನಿ. ಅಕ್ಷರ ಸರಿಯಾಗಿ ಕಾಣುತ್ತಾ ನೋಡಿ ಹೇಳಿ," ಅಂತ ಬರೆದು ತೋರಿಸಿದಳು. ಲ್ಯಾಪ್‌ಟಾಪಿಗೆ ಪರೀಕ್ಷೆ ಅಂದದ್ದಕ್ಕೆ ಅತ್ತೆ ಒಪ್ಪಿದರು. ತಮ್ಮ ಕಿವಿಗೆ ಅಂದಿದ್ದರೆ ರಂಪವಾಗುತ್ತಿತ್ತು.

ರಾತ್ರಿ ಊಟಕ್ಕೆ ಎಲ್ಲರೂ ಕೂತರು. ಗಂಡ, ಕಾಲೇಜಿಗೆ ಹೋಗುವ ಮಗಳು, ಅತ್ತೆ. ಅಕ್ಕ ಮಾತ್ರ ತಟ್ಟೆ ಕೊರಳಿಗೆ ಹಾಕಿಕೊಂಡು ಅತ್ತೆಯ ಪಕ್ಕ ನಿಂತು ಬರೆಯುತ್ತಿದ್ದಳು. ಮಗಳು ಪರೀಕ್ಷೆಯ ವಿಷಯ ಹೇಳಿದಳು, ಅಕ್ಕ ಬರೆದಳು. ನಲ್ಲಿ ಸೋರುತ್ತಿದೆ ಅಂದ ಗಂಡ, ಬರೆದಳು. ಆಮೇಲೆ ಮಗಳು, "ಅಪ್ಪ, ಅಜ್ಜಿಯ ಆ ಮುರುಕು ಕುರ್ಚಿ ಯಾವಾಗ ಆಚೆ ಹಾಕ್ತೀಯ?" ಅಂದಳು. ಗಂಡ, "ಭಾನುವಾರ ಅಮ್ಮ ಮಲಗಿದಾಗ ಸಾಗಿಸಿಬಿಡ್ತೀನಿ. ಅವಳಿಗೆ ಹೇಳೋದು ಬೇಡ," ಅಂದ. ಅದನ್ನೂ ಬರೆಯಿತು ಅಕ್ಕನ ಕೈ. ಬರೆದ ಮೇಲೆ ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಅತ್ತೆ ಓದಿ ಆಗಿತ್ತು.

"ನನ್ನ ಕುರ್ಚಿ ಮುಟ್ಟಿ ನೋಡು ಮಗನೇ!" ಅಂತ ಅತ್ತೆ ಗುಡುಗಿದರು. ಗಂಡನ ಕೈಯಿಂದ ಚಮಚ ಕೆಳಗೆ ಬಿತ್ತು. "ನಾನು ಮಲಗಿದಾಗ ಸಾಗಿಸ್ತೀಯಾ? ಎಷ್ಟು ದಿನದಿಂದ ನಡೀತಿದೆ ಈ ಮಸಲತ್ತು? ಇನ್ನೂ ಏನೇನು ಮಾತಾಡ್ಕೊಂಡಿದೀರಿ ನನ್ನ ಮುಂದೇನೇ ಕೂತ್ಕೊಂಡು?"

ಗಂಡ ಹೆಂಡತಿಯ ಕಡೆ ತಿರುಗಿ, "ಅದನ್ನ ಯಾಕೆ ಬರೆದೆ ಮಹಾತಾಯಿ?" ಅಂತ ಹಲ್ಲು ಕಚ್ಚಿದ. ಅಕ್ಕನ ಕೈ ಅದನ್ನೂ ಬರೆಯಿತು! ಅತ್ತೆ ಅದನ್ನೂ ಓದಿದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, "ಅಮ್ಮ, ನಿಲ್ಸು, ನಿಲ್ಸು" ಅಂದಳು, ಆ ಮಾತೂ ತೆರೆಯ ಮೇಲೆ ಮೂಡಿತು. ಅದನ್ನು ನೋಡಿ ಅತ್ತೆಗೂ ನಗು ತಡೆಯಲಾಗಲಿಲ್ಲ. ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಉಳಿದವರು ನಕ್ಕ ಮೇಲೆ ಅತ್ತೆ "ಏನಂತೆ, ಏನಂತೆ" ಅಂತ ಕೇಳುವುದು, "ಏನಿಲ್ಲ ಬಿಡಮ್ಮ" ಅನ್ನುವುದು ರೂಢಿಯಾಗಿತ್ತು. ಅವತ್ತು ಎಲ್ಲರೂ ಒಟ್ಟಿಗೇ ನಕ್ಕರು. ನಗುತ್ತಲೇ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಕನಿಗೆ ಮನೆಯೊಳಗೇ ಇಷ್ಟು ದಿನ ಇವರನ್ನು ಹೊರಗಿಟ್ಟುಬಿಟ್ಟೆವಲ್ಲ ಅಂತ ಸಂಕಟವಾಯಿತು.

ಊಟದ ಕೋಣೆಯ ಪರೀಕ್ಷೆಯಲ್ಲಿ ಲ್ಯಾಪ್‌ಟಾಪ್ ಗೆದ್ದಿತು. ಸೋತದ್ದು ಬೀದಿಯಲ್ಲಿ.

ಮಾರನೇ ದಿನ ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಮಾರ್ಕೆಟ್ಟಿಗೆ ಹೊರಟರು. ಸೊಸೆಯ ಕೊರಳಲ್ಲಿ ತಟ್ಟೆ, ತಟ್ಟೆಯ ಮೇಲೆ ಹೂವಿನಂಥ ಲ್ಯಾಪ್‌ಟಾಪು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದರ ಮುಚ್ಚಳ ಹಿಂದಕ್ಕೆ ವಾಲಿತು. ತಳ ಅಷ್ಟು ಹಗುರ, ಮುಚ್ಚಳದ ಕೀಲು ಅಷ್ಟು ಸಡಿಲ. ಅಕ್ಕ ಒಂದು ಕೈಯಲ್ಲಿ ಮುಚ್ಚಳ ಹಿಡಿದು ಇನ್ನೊಂದು ಕೈಯಲ್ಲಿ ಬರೆಯಲು ಹೋಗಿ ಪೇಚಾಡಿದಳು. ಅದೂ ಸಾಲದು ಅಂತ ಬಿಸಿಲು ಬಿತ್ತು.

"ಅತ್ತೆ, ಕಾಣುತ್ತಾ?" ಅಂತ ಕೈಸನ್ನೆ ಮಾಡಿದಳು.

"ಚೆನ್ನಾಗಿ ಕಾಣುತ್ತೆ," ಅಂದರು ಅತ್ತೆ. "ನನ್ನ ಮುಖ ಕಾಣುತ್ತೆ, ನಿನ್ನ ಮುಖ ಕಾಣುತ್ತೆ, ಹಿಂದೆ ಬರ್ತಿರೋ ಲಾರಿ ಕಾಣುತ್ತೆ. ಅಕ್ಷರ ಒಂದು ಬಿಟ್ಟು ಎಲ್ಲಾ ಕಾಣುತ್ತೆ. ಇದನ್ನ ತಲೆ ಬಾಚೋಕೆ ಇಟ್ಕೋ."

ಅಕ್ಕ ಅಲ್ಲಿಂದಲೇ ಅಂಗಡಿಗೆ ನಡೆದಳು. ಹೊಳೆಯುವ ತೆರೆಯನ್ನು ಹೊಗಳಿದ್ದಕ್ಕೆ ಅಂಗಡಿಯವನಿಗೆ ನಾಲ್ಕು ಮಾತು ಅನ್ನಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದಳು. ಆದರೆ ಅವನು ತಟ್ಟೆಯನ್ನೂ ಅತ್ತೆಯನ್ನೂ ನೋಡಿದ ಕೂಡಲೇ, "ಅಯ್ಯೋ, ನಿಂತ್ಕೊಂಡು ಇನ್ನೊಬ್ಬರಿಗೆ ತೋರಿಸೋಕೆ ಅಂತ ಮೊದಲೇ ಹೇಳೋದಲ್ವಾ? ನಡೀತಾ ಅಂದ್ರೆ ಊರೂರು ತಿರುಗೋಕೆ ಅಂದ್ಕೊಂಡೆ," ಅಂತ ಒಳಗೆ ಹೋದ. ಕೆಳಗಿನ ಕಪಾಟಿನಿಂದ ಬೂದಿ ಬಣ್ಣದ ಒಂದನ್ನು ತೆಗೆದು ತಂದ. ಶೋಕೇಸಿನಲ್ಲಿ ಇಡುವಂಥ ರೂಪವಲ್ಲ. ಹೂವಿಗಿಂತ ಸ್ವಲ್ಪ ಭಾರ, ಎಮ್ಮೆಯ ಮುಂದೆ ಕರು. ತೆರೆ ಮಂಕು, ಹೊಳಪೇ ಇಲ್ಲ. ಮುಚ್ಚಳ ಎಷ್ಟು ಬಿಗಿ ಅಂದರೆ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತದೆ.

"ಯಾರೂ ತಗೊಳ್ಳಲ್ಲ ಮೇಡಂ, ಬಣ್ಣ ಸಪ್ಪೆ ಅಂತಾರೆ. ನಿಮಗೆ ಇದೇ ಸರಿ. ಬ್ಯಾಟರಿ ಅಂತೂ ದಿನವಿಡೀ ಬರುತ್ತೆ," ಅಂದ. ಅಕ್ಕ ಜೋಡಿಸಿಕೊಂಡು ಬಂದಿದ್ದ ನಾಲ್ಕು ಮಾತನ್ನೂ ನುಂಗಿಕೊಂಡಳು.

ಮತ್ತೆ ಮಾರ್ಕೆಟ್ಟು, ಮತ್ತೆ ಬಿಸಿಲು. ಈ ಸಲ ಅಕ್ಷರಗಳು ಹಲಗೆಯ ಮೇಲೆ ಬರೆದ ಹಾಗೆ ನಿಂತವು. ಸೊಸೆ ಮುಂದಕ್ಕೆ ನೋಡಿಕೊಂಡು ಟಕಟಕ ಬರೆಯುವುದು, ಅತ್ತೆ ಎಡಗಡೆ ಅವಳ ಮೊಳಕೈ ಹಿಡಿದುಕೊಂಡು ಓದುತ್ತ ನಡೆಯುವುದು. ಎದುರು ಬಂದವರೊಬ್ಬರು, "ಏನಮ್ಮ ಮಾರ್ತಿದೀರ? ಹೆಂಗೆ ಕೊಟ್ರಿ?" ಅಂತ ಕೇಳಿದರು. ಅಕ್ಕ ಅದನ್ನು ಬರೆದಳು. ಅತ್ತೆ ಓದಿ, "ಮಾತು ಮಾರ್ತಿದೀವಿ, ನಿಮಗೆ ಬೇಕಾ?" ಅಂತ ಥಟ್ಟನೆ ಅಂದರು. ತರಕಾರಿಯವಳು ಪಕ್ಕದವಳಿಗೆ, "ಬಂದ್ಲಪ್ಪ ಮುದುಕಿ, ಇವತ್ತು ನನ್ನ ತಲೆ ತಿಂತಾಳೆ," ಅಂದಳು. ಅದೂ ತೆರೆಗೆ ಬಂತು. ಅತ್ತೆ ಗಂಭೀರವಾಗಿ ಒಂದು ಬದನೆಕಾಯಿ ಎತ್ತಿ ಹಿಡಿದು, "ನಿನ್ನ ತಲೆ ಬೇಡ ಕಣಮ್ಮ, ಇದನ್ನೇ ಕೊಡು," ಅಂದರು. ತರಕಾರಿಯವಳ ಮುಖ ನೋಡಬೇಕಿತ್ತು! ನಾಲಿಗೆ ಕಚ್ಚಿಕೊಂಡು, ಕೇಳದೇನೇ ಎರಡು ಬದನೆಕಾಯಿ ಜಾಸ್ತಿ ಹಾಕಿದಳು. ಅತ್ತೆ ಮನೆಗೆ ಬರುವ ಹೊತ್ತಿಗೆ ಹತ್ತು ವರ್ಷ ಚಿಕ್ಕವರಾಗಿದ್ದರು. ಚೀಲ ಕೆಳಗಿಡುವ ಮೊದಲೇ ತೀರ್ಪು ಕೊಟ್ಟರು. "ಇದೇ ಇರಲಿ. ಆ ಹುಡುಗಿಯ ಪರೀಕ್ಷೆ ಮುಗಿಸ್ಕೊಂಡು ಬೇಗ ಬಾ. ನನಗೂ ಕೆಲಸ ಇದೆ ಇದರಲ್ಲಿ."

ಪರೀಕ್ಷೆಯ ದಿನ ಅಕ್ಕ ನಸುಕಿನ ರೈಲು ಹತ್ತಿದಳು. ನಿಂತುಕೊಂಡೇ ಹೋಗಬೇಕಾದಷ್ಟು ಜನ. ಚೀಲ ಎಡಹೆಗಲಲ್ಲಿ ಇದೆಯೋ ಇಲ್ಲವೋ ಅಂತ ಎರಡು ಸಲ ಮುಟ್ಟಿ ನೋಡಿಕೊಂಡಳು, ಅಷ್ಟು ಹಗುರ. ಆಮೇಲೆ ತಟ್ಟೆಯನ್ನು ಕೊರಳಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ವೆಲ್ಡಿಂಗಿನ ಮಾತುಗಳನ್ನು ಬೆರಳಿಗೆ ಅಭ್ಯಾಸ ಮಾಡಿಸಿದಳು. ರೈಲು ಎಷ್ಟು ಕುಲುಕಿದರೂ ಬೂದಿ ಬಣ್ಣದವನು ಮುಚ್ಚಳ ಅಲ್ಲಾಡಿಸಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ತಂಗಿ ಕಾಯುತ್ತಿದ್ದಳು. ಒಗೆದು ಇಸ್ತ್ರಿ ಮಾಡಿದ ನೀಲಿ ಸಮವಸ್ತ್ರ, ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆ. ಅಕ್ಕನ ಕೈ ಹಿಡಿದಾಗ ಅವಳ ಕೈ ತಣ್ಣಗಿತ್ತು.

"ಅಕ್ಕಾ, ಹೋದ ಎರಡು ಸಲಾನೂ ಅವರು ಕೇಳಿದ್ದಕ್ಕೆ ನಾನು ತಪ್ಪು ಹೇಳಿದ್ದೆ, ನಿಜ. ಆದ್ರೆ ಅಷ್ಟೂ ತಪ್ಪು ಹೇಳಿರಲಿಲ್ಲ. ಅಷ್ಟಕ್ಕೇ ಫೇಲ್ ಯಾಕೆ ಮಾಡಿದ್ರು ಅಂತ ಇವತ್ತಿಗೂ ಗೊತ್ತಿಲ್ಲ ನನಗೆ," ಅಂದಳು.

ಶೆಡ್ಡು ಅಂದರೆ ಶೆಡ್ಡು. ಈ ತುದಿಯಲ್ಲಿ ನಿಂತರೆ ಆ ತುದಿ ಹೊಗೆಯಲ್ಲಿ ಮಂಜು. ಪರೀಕ್ಷಕರು ಇಬ್ಬರು. ದಪ್ಪ ಮೀಸೆಯವರು ದೊಡ್ಡವರು, ಕನ್ನಡಕದವರು ಅವರ ಕೈಕೆಳಗಿನವರು. ಅಕ್ಕನ ಕೊರಳ ತಟ್ಟೆಯನ್ನು ನೋಡಿ ಮೀಸೆಯವರು ಹುಬ್ಬೇರಿಸಿದರು. "ನಡೀತಾ ಬರೀತೀರಾ?" ಅಂದರು. "ನೀವು ಓಡಿದ್ರೆ ಓಡ್ತಾ ಬರೀತೀನಿ ಸಾರ್," ಅಂದಳು ಅಕ್ಕ.

ನಡಿಗೆ ಶುರುವಾಯಿತು. ಅಕ್ಕ ಮೀಸೆಯವರ ಬೆನ್ನಿಗಂಟಿದ ಹಾಗೆ ಹೋದಳು, ಇಲ್ಲದಿದ್ದರೆ ಆ ಗದ್ದಲದಲ್ಲಿ ಮಾತು ಸಿಗುವುದಿಲ್ಲ. ತಂಗಿ ಎಡಗಡೆ. ಒಂದು ಪೈಪಿನ ಬೆಸುಗೆ ತೋರಿಸಿ ಮೀಸೆಯವರು ಕೇಳಿದರು, "ಇಲ್ಲಿ ಸಣ್ಣ ಸಣ್ಣ ತೂತು ಯಾಕೆ ಬಿದ್ದಿದೆ?" ಬಾಯಿಂದ ಬಿದ್ದ ಮಾತು ತೆರೆಯ ಮೇಲೆ. ತಂಗಿ ಓದಿದಳು, ಬಗ್ಗಿ ನೋಡಿದಳು. "ವೆಲ್ಡಿಂಗ್ ಕಡ್ಡಿ ತೇವ ಆಗಿತ್ತು ಸಾರ್. ಒಣಗಿಸದೇ ಬಳಸಿದಾರೆ." ಮುಂದೆ ಹೋದರು. "ಈ ಅಂಚು ಕೊರೆದ ಹಾಗೆ ಯಾಕಿದೆ?" "ಕರೆಂಟ್ ಜಾಸ್ತಿ ಇಟ್ಟು ಅವಸರದಲ್ಲಿ ಎಳೆದಿದಾರೆ. ಇದು ಯಾರ ಕೈ ಅಂತಾನೂ ಹೇಳಬಲ್ಲೆ, ಆದ್ರೆ ಹೇಳಲ್ಲ." ಮೀಸೆಯ ಕೆಳಗೆ ಏನೋ ಅಲ್ಲಾಡಿತು. ನಕ್ಕರೋ ಏನೋ. "ಬಹುಶಃ ನಕ್ಕರು" ಅಂತ ಬರೆದಳು ಅಕ್ಕ.

ಹೀಗೆ ಬೆಸುಗೆಯಿಂದ ಬೆಸುಗೆಗೆ ಹೋಗುತ್ತ ಅವಳ ದನಿ ಗಟ್ಟಿಯಾಗುತ್ತ ಬಂತು. ಅಕ್ಕನ ಕತ್ತು ನೋಯುತ್ತಿತ್ತು, ಕಾಲು ಕೇಬಲ್ಲುಗಳನ್ನು ದಾಟುತ್ತಿತ್ತು, ಬೆರಳು ಮಾತ್ರ ತಪ್ಪಲಿಲ್ಲ. ಇನ್ನೇನು ಶೆಡ್ಡಿನ ಆ ತುದಿ ಬಂತು ಅನ್ನುವಾಗ ಕನ್ನಡಕದವರು ಮೀಸೆಯವರ ಕಿವಿಯ ಹತ್ತಿರ ಬಾಗಿದರು. ಗುಟ್ಟಾಗಿ ಹೇಳಬೇಕು ಅಂತಲೇ ಬಾಗಿದ್ದು, ಆದರೆ ಗದ್ದಲಕ್ಕೆ ದನಿ ಏರಿಸಲೇಬೇಕಾಯಿತು.

"ಉತ್ತರ ಎಲ್ಲ ಸರಿ ಸಾರ್. ಆದ್ರೆ ಹೋದ ಸಲ ಮಾತಾಡಿಕೊಂಡಿದ್ದೇ ಅಲ್ವಾ? ಸೈರನ್ ಹೊಡೆದ್ರೆ ಇವಳಿಗೆ ಕೇಳಲ್ಲ. ಇವಳ ಕೈಕೆಳಗೆ ಜನರನ್ನ ಹೇಗೆ ಬಿಡೋದು? ಏನಾದ್ರೂ ನೆಪ ಹೇಳಿ ಮುಗಿಸೋಣ."

ಇದು ತಂಗಿಗೆ ಆಡಿದ ಮಾತಲ್ಲ. ಬರೆದರೆ ಹುಡುಗಿ ಇಲ್ಲೇ ಕುಸಿದುಬಿಟ್ಟರೆ? ಆ ಯೋಚನೆ ಅಕ್ಕನ ತಲೆಗೆ ಬಂದದ್ದು ನಿಜ. ಆದರೆ ಅದು ಬರುವ ಹೊತ್ತಿಗೆ ಬೆರಳು ಕೊನೆಯ ಮಾತಿನವರೆಗೂ ಹೋಗಿಯಾಗಿತ್ತು. ಬರೆದದ್ದು ತೆರೆಯ ಮೇಲಿತ್ತು, ದಪ್ಪ ಅಕ್ಷರದಲ್ಲಿ.

ತಂಗಿ ಓದಿದಳು. ನಿಂತುಬಿಟ್ಟಳು. ಮುಖದಲ್ಲಿ ರಕ್ತವಿಲ್ಲ. ಪರೀಕ್ಷಕರು ಎರಡು ಹೆಜ್ಜೆ ಮುಂದೆ ಹೋಗಿ, ಯಾರೂ ಹಿಂದೆ ಬರುತ್ತಿಲ್ಲ ಅಂತ ತಿರುಗಿ ನೋಡಿದರು.

"ಸಾರ್!" ಅಂತ ತಂಗಿ ಕೂಗಿದಳು. ಅವಳ ಮುಖ ನೋಡಿ ಪಕ್ಕದ ಗ್ರೈಂಡರಿನವನೂ ಯಂತ್ರ ನಿಲ್ಲಿಸಿ ಕಿವಿಯ ಹತ್ತಿ ತೆಗೆದ. "ಎರಡು ಸಲ ಫೇಲ್ ಮಾಡಿದ್ದು ಇದಕ್ಕಾ? ನನ್ನನ್ನೇ ಒಂದು ಮಾತು ಕೇಳೋದಲ್ವಾ ಸಾರ್? ಕೇಳಿದ್ರೆ ಹೇಳ್ತಿದ್ದೆ. ಸೈರನ್ ನನಗೆ ಕೇಳಲ್ಲ. ಗ್ರೈಂಡರ್ ಹಿಡಿದವನಿಗೂ ಕೇಳಲ್ಲ, ಕಿವಿಗೆ ಹತ್ತಿ ಇಟ್ಕೊಂಡಿರ್ತಾನೆ. ಹೆಲ್ಮೆಟ್ ಹಾಕಿದವನಿಗೂ ಕೇಳಲ್ಲ. ಅದಕ್ಕೇ ಅಲ್ಲಿ ಮೇಲೆ ಕೆಂಪು ದೀಪ ಇಟ್ಟಿರೋದು. ಈ ಶೆಡ್ಡಲ್ಲಿ ಎಲ್ಲರೂ ಓಡೋದು ಆ ದೀಪ ನೋಡೇ. ಹೋದ ಮಳೆಗಾಲದಲ್ಲಿ ಗ್ಯಾಸ್ ಸೋರಿದಾಗ ಮೊದಲು ದೀಪ ನೋಡಿದ್ದು ಯಾರು ಅಂತ ಇವರನ್ನೇ ಕೇಳಿ. ನಾನು ಎಲ್ಲರ ಬೆನ್ನು ಗುದ್ದಿ ಆಚೆ ಕಳಿಸಿದೀನಿ. ಕಿವಿ ಇಲ್ಲದವಳ ಕಣ್ಣು ಸುಮ್ಮನಿರುತ್ತಾ ಸಾರ್?"

ಗ್ರೈಂಡರಿನವನು ಕಿಡಿ ತಡೆಯುವ ತನ್ನ ಕನ್ನಡಕವನ್ನು ಹಣೆಗೇರಿಸಿ, "ಹೌದು ಸಾರ್, ನನ್ನ ಬೆನ್ನಿಗೂ ಬಿತ್ತು ಗುದ್ದು. ಒಂದು ವಾರ ನೋವಿತ್ತು," ಅಂದ. ಅಕ್ಕ ಅದನ್ನೂ ಬರೆದಳು. ತಂಗಿ ಓದಿ ಅವನ ಕಡೆ ಒಂದು ಸಲ ಕೈಯೆತ್ತಿದಳು.

ಕನ್ನಡಕದವರ ಮುಖ ಕೆಂಪಾಯಿತು. ಅವರು ಅಕ್ಕನನ್ನು ನೋಡಿ, "ಅದನ್ನೂ ಬರೆದ್ರಾ ನೀವು?" ಅಂದರು.

"ನನಗೆ ಕೇಳಿಸಿತು ಸಾರ್," ಅಂದಳು ಅಕ್ಕ. "ಅವಳಿಗೂ ಕೇಳಿಸಬೇಕಲ್ಲ."

ಕನ್ನಡಕದವರು ತಂಗಿಯ ಎದುರಿಗೇ ಬಂದು ನಿಂತು ನಿಧಾನವಾಗಿ ಕೇಳಿದರು. "ಜನರ ಜೀವದ ವಿಷಯ, ಅದಕ್ಕೇ ಹೆದರಿದ್ದೆ. ಆದ್ರೆ ಬೆನ್ನ ಹಿಂದೆ ಅನ್ನಬಾರದಿತ್ತು. ಈಗ ನಿಮ್ಮನ್ನೇ ಕೇಳ್ತೀನಿ. ಕರೆಂಟ್ ಹೋಗಿ ದೀಪಾನೂ ಆರಿದ್ರೆ ಏನು ಮಾಡ್ತೀರಿ?"

ತಂಗಿ ಓದಿದಳು. ಈ ಸಲ ಯೋಚಿಸಲೂ ಇಲ್ಲ. "ಕರೆಂಟ್ ಹೋದ್ರೆ ಸೈರನ್ನೂ ಹೊಡಿಯಲ್ಲ ಸಾರ್. ಆಗ ನಾವೆಲ್ಲ ಸಮ. ನನ್ನ ಗುಂಪಲ್ಲಿ ಇಬ್ಬಿಬ್ಬರನ್ನ ಜೋಡಿ ಮಾಡ್ತೀನಿ, ಒಬ್ಬರನ್ನ ಬಿಟ್ಟು ಒಬ್ಬರು ಆಚೆ ಬರೋ ಹಾಗಿಲ್ಲ. ನನ್ನ ಜೋಡಿ ನಾನೇ ಆರಿಸ್ಕೋತೀನಿ."

ಇಬ್ಬರು ಪರೀಕ್ಷಕರೂ ಮುಖ ಮುಖ ನೋಡಿಕೊಂಡರು. ಕನ್ನಡಕದವರು ಆಗಲಿ ಅಂತ ತಲೆಯಾಡಿಸಿದರು. ಮೀಸೆಯವರು ತಂಗಿಯ ಕಡೆಗಲ್ಲ, ತಟ್ಟೆಯ ಕಡೆಗೆ ಬಾಗಿ, ಅಕ್ಷರಗಳಿಗೇ ಹೇಳುವವರ ಹಾಗೆ, ಒಂದು ಮಾತು ಹೇಳಿದರು.

ಅಕ್ಕನ ಬೆರಳು ನಿಂತುಹೋಯಿತು.

ಜಡ್ಜು ಬೈದಾಗ ನಿಲ್ಲದ ಬೆರಳು, ಗಂಡ ಹಲ್ಲು ಕಚ್ಚಿದಾಗ ನಿಲ್ಲದ ಬೆರಳು, ಆ ಕೆಟ್ಟ ಮಾತನ್ನು ಕೂಡ ತಡೆಯದೆ ಬರೆದ ಬೆರಳು, ಈಗ ಕೀಲಿಗಳ ಮೇಲೆ ಮರಗಟ್ಟಿ ನಿಂತಿತು. ಕಣ್ಣಲ್ಲಿ ನೀರು ತುಂಬಿ ಕೀಲಿಗಳೇ ಕಾಣಲಿಲ್ಲ ಅವಳಿಗೆ. ಗ್ರೈಂಡರಿನವನು ಕುಣಿಯುತ್ತಿದ್ದ. ಆಚೀಚೆಯವರು ಸುತ್ತಿಗೆಯಿಂದ ಪೈಪು ಬಡಿಯತೊಡಗಿದ್ದರು. ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಒಬ್ಬಳಿಗೆ ಬಿಟ್ಟು. ತಂಗಿ ಖಾಲಿ ತೆರೆಯನ್ನೂ ಅಕ್ಕನ ಒದ್ದೆ ಮುಖವನ್ನೂ ನೋಡಿ ಹೆದರಿಹೋದಳು. ಎರಡೂ ಕೈಯಲ್ಲಿ ಅಕ್ಕನ ತೋಳು ಹಿಡಿದು ಅಲುಗಿಸಿದಳು.

"ಏನಂದ್ರು ಅಕ್ಕಾ? ಏನಂದ್ರು? ಬರೀರಿ!"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದೇ ಬೆರಳಿನಿಂದ, ಮೊದಲ ದಿನ ಟೈಪಿಂಗ್ ಕಲಿಯುವವಳ ಹಾಗೆ, ಒಂದೊಂದೇ ಅಕ್ಷರ ಹುಡುಕಿ ಬರೆದಳು.

"ಸೋಮವಾರದಿಂದ ಮೂರನೇ ಸಾಲಿನ ಮೇಸ್ತ್ರಿ ನೀವೇ."

ತಂಗಿ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಅವಳು ಹಾಕಿದ ಕೇಕೆಗೆ ಶೆಡ್ಡಿನ ಸುತ್ತಿಗೆಗಳೆಲ್ಲ ನಿಂತುಹೋದವು.